40 ಕೆ.ಜಿ. ಹಳೆ ಬೋರ್ಡಿನಲ್ಲಿ ಚಿನ್ನ ಎಷ್ಟಿರಬಹುದು?

ಮಾವನವರ ರಿಪೇರಿ ಅಂಗಡಿ ಖಾಲಿ ಮಾಡುವಾಗ 40 ಕೆ.ಜಿ.ಯಷ್ಟು ಹಳೆ ಟಿ.ವಿ., ಕಂಪ್ಯೂಟರ್ ಬೋರ್ಡು ಸಿಕ್ಕಿವೆ, ಗುಜರಿಯವರು ಎಲ್ಲಕ್ಕೂ ಸೇರಿಸಿ ಒಂದೇ ರೇಟು ಹೇಳುತ್ತಿದ್ದಾರೆ, ಒಳಗಿರುವ ಚಿನ್ನದ ಬೆಲೆ ಕಟ್ಟುವುದು ಹೇಗೆ ಅಂತ ಕೇಳಿದ್ದೀರಿ.

ಒಂದೇ ರೇಟಿಗೆ ಕೊಡಬೇಡಿ. ಕಲಸಿದ ರಾಶಿಗೆ ಯಾವತ್ತೂ ಅದರಲ್ಲಿರುವ ಕಳಪೆ ಮಾಲಿನ ರೇಟೇ ಬೀಳುವುದು. ನಾನು ಕಂಪ್ಯೂಟರ್ ಸರ್ವೀಸ್ ಮಾಡುವವನು. ನಮ್ಮಲ್ಲಿ ಮೊದಲು ವಿಂಗಡಿಸುತ್ತೇವೆ, ಆಮೇಲೆ ತಕ್ಕಡಿ.

ಕಂದು ಬಣ್ಣದ, ಒಂದೇ ಬದಿಗೆ ತಾಮ್ರದ ಗೆರೆ ಇರುವ ಟಿ.ವಿ. ಬೋರ್ಡುಗಳನ್ನು ಪಕ್ಕಕ್ಕಿಡಿ. ಟನ್ನಿಗೆ 20 ಗ್ರಾಂ ಚಿನ್ನ ಇದ್ದರೆ ಹೆಚ್ಚು. ಅವುಗಳ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಬಿಚ್ಚಿ ತಾಮ್ರ, ಅಲ್ಯೂಮಿನಿಯಂ ಲೆಕ್ಕದಲ್ಲಿ ಮಾರಿ. ಕಂಪ್ಯೂಟರಿನ ಹಸಿರು ಬೋರ್ಡಿನಲ್ಲಿ ಟನ್ನಿಗೆ 200ರಿಂದ 250 ಗ್ರಾಂ. ಬ್ಯಾಟರಿ ತೆಗೆದ ಹಳೆ ಮೊಬೈಲ್ ಒಂದು ಟನ್ ಸೇರಿದರೆ ಸುಮಾರು 340 ಗ್ರಾಂ ಚಿನ್ನ, ಮೂರೂವರೆ ಕೆ.ಜಿ. ಬೆಳ್ಳಿ, 140 ಗ್ರಾಂ ಪಲ್ಲೇಡಿಯಂ (ಇದೂ ಬೆಲೆಬಾಳುವ ಲೋಹವೇ). ನಮ್ಮ ಹಟ್ಟಿ ಗಣಿಯ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಸಿಗುವುದು. ಆಸೆ ಹುಟ್ಟುವುದು ಸಹಜ ಅಲ್ವಾ? ಆದರೆ ಇದು ಟನ್ನಿನ ಲೆಕ್ಕ, ನಿಮ್ಮ ಹತ್ತಿರ ಇರುವುದು ಕೆ.ಜಿ. 40 ಕೆ.ಜಿ.ಯೂ ಹಸಿರು ಬೋರ್ಡೇ ಆಗಿದ್ದರೆ 8ರಿಂದ 10 ಗ್ರಾಂ, ಟಿ.ವಿ. ಬೋರ್ಡು ಕಲಸಿದಷ್ಟೂ ಅದಕ್ಕಿಂತ ಕಡಿಮೆ.

ಕಣ್ಣಿಗೆ ಕಾಣುವ ಹಳದಿಯನ್ನು ನಂಬಬೇಡಿ. ಕಂಪ್ಯೂಟರಿನ ಮೆಮೊರಿ ಪಟ್ಟಿ, ಅಂದರೆ ಒಂದು ಡಿಡಿಆರ್3 ರ‍್ಯಾಮ್ ಕೈಗೆತ್ತಿಕೊಳ್ಳಿ. ಕೆಳ ಅಂಚಿನಲ್ಲಿ ಎರಡೂ ಬದಿ ಸೇರಿ 240 ಹಳದಿ ಪಟ್ಟಿ, ಒಟ್ಟು ಹೆಚ್ಚುಕಡಿಮೆ 5 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಚಿನ್ನ ಅಂದರೆ 1.93 ಮಿಲಿಗ್ರಾಂ. ಒಳ್ಳೆಯ ದಪ್ಪ ಲೇಪ 0.76 ಮೈಕ್ರಾನ್ ಇರುತ್ತದೆ. ಗುಣಿಸಿದರೆ 7 ಮಿಲಿಗ್ರಾಂ ಚಿಲ್ಲರೆ. ಲೆಕ್ಕ ಸುಲಭವಾಗಲಿ ಅಂತ ಗ್ರಾಮಿಗೆ 10,000 ರೂಪಾಯಿ ಇಟ್ಟುಕೊಂಡರೆ ಎಪ್ಪತ್ತು ಚಿಲ್ಲರೆ ರೂಪಾಯಿ, ಅದೂ ಒಂದು ಕಣವೂ ಹಾಳಾಗದೆ ಪೂರ್ತಿ ಕೈಗೆ ಬಂದರೆ. ಎಷ್ಟೋ ರ‍್ಯಾಮ್‌ಗಳ ಲೇಪ ಇದಕ್ಕಿಂತ ತೆಳು. ಬೋರ್ಡಿನ ಸ್ಕ್ರೂ ತೂತಿನ ಸುತ್ತ ಫಳಫಳ ಅನ್ನುವ ಬಳೆ ಇದೆಯಲ್ಲ, ಅಲ್ಲಿ ಸಾಮಾನ್ಯವಾಗಿ 0.05 ಮೈಕ್ರಾನ್. ಅದೇ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಒಂದು ರೂಪಾಯಿಯ ಚಿನ್ನ, ಅಷ್ಟೇ.

ಹಾಗಾದರೆ ಮಾಲು ಎಲ್ಲಿದೆ? ಬಹುಪಾಲು ಬೋರ್ಡಿನ ಮೇಲಿನ ಕಪ್ಪು ಚಿಪ್‌ಗಳ (ಐಸಿ) ಒಳಗೆ, ಕೂದಲಿಗಿಂತ ತೆಳುವಾದ ಚಿನ್ನದ ತಂತಿಯಾಗಿ. ಚಿನ್ನದ ಬೆಲೆ ಏರಿದ ಮೇಲೆ, 2010ರ ಆಸುಪಾಸಿನಿಂದ, ಕಂಪನಿಗಳು ತಾಮ್ರದ ತಂತಿಗೆ ತಿರುಗಿಕೊಂಡವು. ಹಾಗಾಗಿ ಹೊಸ ಬೋರ್ಡು ಎಷ್ಟು ಚೆಂದ ಹೊಳೆದರೂ ಅದರಲ್ಲಿ ಹಳೆಯದರಷ್ಟು ಚಿನ್ನ ಇರುವುದಿಲ್ಲ. ಸೆರಾಮಿಕ್ (ಪಿಂಗಾಣಿಯಂಥ) ಮೈಯ 486, ಪೆಂಟಿಯಂ ಅನ್ನುವ ಹಳೆ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಸಿಕ್ಕರೆ ಅವುಗಳಲ್ಲಿ ಚಿನ್ನ ಹೆಚ್ಚು, ಕೆ.ಜಿ. ಲೆಕ್ಕಕ್ಕೆ ಹಾಕಲೇಬೇಡಿ, ಬಿಡಿಬಿಡಿಯಾಗಿ ಬೆಲೆ ಕೇಳಿ. 1990ರ ದಶಕದ ಮಧ್ಯಕ್ಕಿಂತ ಹಿಂದಿನ ಬೋರ್ಡಿನಲ್ಲಿ ಅಕ್ಕಿನುಚ್ಚಿನಂಥ ಸೆರಾಮಿಕ್ ಕೆಪಾಸಿಟರ್ ತುಂಬಾ ಇದ್ದರೆ ಅದರಲ್ಲಿ ಪಲ್ಲೇಡಿಯಂ ಇರುವ ಸಾಧ್ಯತೆ ಜಾಸ್ತಿ. ಆಮೇಲಿನವು ಬಹುತೇಕ ನಿಕ್ಕಲ್.

ವಿಡಿಯೋ ನೋಡಿ ಮನೆಯಲ್ಲೇ ಆಸಿಡ್‌ಗೆ ಹಾಕುವ ಯೋಚನೆ ಇದ್ದರೆ ಇವತ್ತೇ ಬಿಟ್ಟುಬಿಡಿ. ನೈಟ್ರಿಕ್ ಆಸಿಡ್‌ನಿಂದ ಏಳುವ ಕಂದು ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ. ಉಳಿಯುವ ನೀರಿನಲ್ಲಿ ಸೀಸ, ತಾಮ್ರ ಎಲ್ಲ ಇರುತ್ತದೆ, ಅದನ್ನು ಎಲ್ಲಿ ಸುರಿಯುತ್ತೀರಿ? ಬೆಲ್ಜಿಯಂನ ಹೋಬೋಕೆನ್‌ನಲ್ಲಿರುವ ಉಮಿಕೋರ್‌ನಂಥ ಕಾರ್ಖಾನೆಗಳು ಬೋರ್ಡು ಕರಗಿಸಿ ಲೋಹ ತೆಗೆಯುವುದಕ್ಕೆ ದೊಡ್ಡ ಕುಲುಮೆ ಇಟ್ಟುಕೊಂಡಿವೆ. ಅವರ ಖರ್ಚು, ಸಾಗಣೆ, ನಡುವಿನವರ ಲಾಭ ಎಲ್ಲ ಕಳೆದ ಮೇಲೆ ಉಳಿಯುವುದೇ ನಿಮಗೆ ಹೇಳುವ ಕೆ.ಜಿ. ರೇಟು. ಒಳಗಿನ ಚಿನ್ನದ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ, ಅದಕ್ಕೆ ಜಗಳ ಆಡುವುದು ಸುಮ್ನೆ.

ಇನ್ನೊಂದು ಮಾತು. ಕೆಲಸ ಮಾಡುವ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್‌ಗಳನ್ನು ಮೊದಲು ಎತ್ತಿಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಹೋದರೆ ಅದರೊಳಗಿನ ಚಿನ್ನದ ಎಷ್ಟೋ ಪಟ್ಟು ಸಿಗುತ್ತದೆ. ಉಳಿದದ್ದರಿಂದ ಕಬ್ಬಿಣದ ಬ್ರಾಕೆಟ್, ಬ್ಯಾಟರಿ ತೆಗೆದು, ಟಿ.ವಿ. ಬೋರ್ಡು, ಮದರ್‌ಬೋರ್ಡು, ರ‍್ಯಾಮ್ ಅಂತ ಬೇರೆ ಬೇರೆ ಚೀಲ ಕಟ್ಟಿ ಮನೆಯಲ್ಲೇ ತೂಗಿ ಬರೆದಿಟ್ಟುಕೊಳ್ಳಿ. ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಣಿ ಆಗಿರುವ ಮರುಬಳಕೆದಾರರು ಇಬ್ಬರಿಗೆ ಚೀಲಗಳ ಫೋಟೋ ಕಳಿಸಿ, ಪ್ರತಿ ಚೀಲಕ್ಕೂ ಬೇರೆ ರೇಟು ಕೇಳಿ.