ಕನ್ನಡದಲ್ಲಿ ಬರೆದರೆ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಿದ್ದೆ

ಕೆ.ಆರ್. ಪೇಟೆಯಿಂದ ಹೋದ ತಿಂಗಳು ಅಮೆರಿಕದ ಸನಿವೇಲ್‌ಗೆ ಕೆಲಸಕ್ಕೆ ಬಂದ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ರಾಗಿ ಹಿಟ್ಟು ಊರಿಂದ ತರಿಸಬೇಕಾ? ಬೇಡ, ಇಲ್ಲಿನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ. ರುಚಿ ಮಾತ್ರ ಕೇಳಬೇಡಿ. ಕಾರು ಯಾವಾಗ ತಗೊಳ್ಳೋದು? ಲೈಸೆನ್ಸ್ ಸಿಕ್ಕ ತಕ್ಷಣ. ಮೂರನೆಯದು, 'ಅಭಿಪ್ರಾಯ ನನ್ನದು, ಕಂಪನಿಯದಲ್ಲ' ಅಂತ ಪ್ರೊಫೈಲ್‌ನಲ್ಲಿ ಹಾಕಿಕೊಂಡರೆ ಸಾಕಾ?

ಹಾಕಿಕೊಳ್ಳಿ. ಅದನ್ನೇ ನಂಬಿಕೊಂಡು ಕೂರಬೇಡಿ. ನಾನೂ ಹಾಕಿಕೊಂಡಿದ್ದೆ.

2009ರಲ್ಲಿ ಎರಡು ಸೂಟ್‌ಕೇಸ್ ಹಿಡಿದು ಇಳಿದಾಗ ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದವರು ನಮ್ಮ ಟೀಮಿನ ಹಿರಿಯರೊಬ್ಬರು, ಕುಂಭಕೋಣದ ಕಡೆಯವರು. ಕಾರು ಕಲಿಸಿದ್ದೂ ಅವರೇ. ಏಳು ವರ್ಷ ಊಟದ ಡಬ್ಬಿ ಒಟ್ಟಿಗೇ ಬಿಚ್ಚಿದೆವು. ನನ್ನನ್ನು 'ತಂಬಿ' ಅನ್ನುತ್ತಿದ್ದರು.

2016ರ ಸೆಪ್ಟೆಂಬರ್. ತಮಿಳುನಾಡಿಗೆ ದಿನಕ್ಕೆ 15 ಸಾವಿರ ಕ್ಯೂಸೆಕ್ ಕಾವೇರಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ, ನಿಮಗೆ ಗೊತ್ತಲ್ಲ. ಮದ್ದೂರಿನಿಂದ ಅಪ್ಪ ಫೋನ್ ಮಾಡಿ 'ನಾಟಿ ಒಣಗ್ತಾ ಐತೆ ಕಣಪ್ಪ' ಅಂದರು. ಆ ರಾತ್ರಿ ಫೇಸ್‌ಬುಕ್‌ನಲ್ಲಿ ಬರೆದೆ. ನೀರಿನ ಬಗ್ಗೆ ಬರೆದು ಸುಮ್ನಾಗಿದ್ದರೆ ಆಗುತ್ತಿತ್ತು. ತಮಿಳರ ಬಗ್ಗೆ ಬರೆದೆ. ಕನ್ನಡದಲ್ಲಿ ಅಲ್ವಾ, ಆಫೀಸಿನಲ್ಲಿ ಯಾರು ಓದುತ್ತಾರೆ ಅಂತ ಧೈರ್ಯ. ಫೋಟೋದಲ್ಲಿ ಕಂಪನಿ ಜಾಕೆಟ್, ಹೆಸರಿನ ಕೆಳಗೆ ಕಂಪನಿ ಹೆಸರು. ಕನ್ನಡ ಬಲ್ಲವರೇ ಯಾರೋ ಅದನ್ನು ಇಂಗ್ಲಿಷಿಗೆ ಮಾಡಿ, ಸ್ಕ್ರೀನ್‌ಶಾಟ್ ಸಮೇತ ಎಚ್‌ಆರ್‌ಗೆ ಕಳಿಸಿದ್ದರು.

20 ನಿಮಿಷ ಕೂರಿಸಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಅಷ್ಟೂ ಹೊತ್ತು ತಲೆಯಲ್ಲಿದ್ದದ್ದು ಎಚ್-1ಬಿ ಒಂದೇ, ಕೆಲಸ ಇದ್ದರಷ್ಟೇ ಉಳಿಯೋ ವೀಸಾ ಅದು. ಈಗ ಕೆಲಸ ಹೋದರೆ 60 ದಿನದವರೆಗೆ ಸಮಯ ಕೊಡುತ್ತಾರೆ. ಆ ನಿಯಮ ಬಂದದ್ದು 2017ರ ಜನವರಿಯಲ್ಲಿ. ನನಗೆ ಅದೂ ಇರಲಿಲ್ಲ.

'ಮಾತಾಡೋ ಸ್ವಾತಂತ್ರ್ಯ ಇರೋ ದೇಶ ಅಲ್ವಾ' ಅಂತ ನೀವು ಅನ್ನಬಹುದು. ಹೌದು, ಆದರೆ ಅದು ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿಯನ್ನಲ್ಲ. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ನೌಕರರ ರಾಜಕೀಯ ಚಟುವಟಿಕೆಗೆ ಸ್ವಲ್ಪ ರಕ್ಷಣೆ ಇದೆ. ಆದರೆ ವೀಸಾ ಮೇಲೆ ಇರುವವರು ಕೋರ್ಟಿಗೆ ಅಲೆಯೋದು ಯಾವಾಗ?

ಆಫೀಸ್ ಮೇಲ್, ಆಫೀಸ್ ಲ್ಯಾಪ್‌ಟಾಪ್‌ನಿಂದ ಸ್ವಂತ ಜಗಳ ಬೇಡ. ಫೋಟೋ ಬದಲಿಸಿ. ನಿಮ್ಮ ಕಂಪನಿಯ ಪ್ರಾಡಕ್ಟ್ ಬಗ್ಗೆ ಮಾತು ಬಂದರೆ ಮಾತ್ರ ಅಲ್ಲೇ ಕೆಲಸ ಮಾಡುತ್ತೇನೆ ಅಂತ ಮೊದಲೇ ಹೇಳಿಬಿಡಿ, ಮುಚ್ಚಿಟ್ಟು ಹೊಗಳುವುದು ಇನ್ನೂ ಕೆಟ್ಟದ್ದು. ಹಳೆಯ ಖಾತೆಗಳನ್ನೂ ಒಮ್ಮೆ ನೋಡಿಕೊಳ್ಳಿ. 2019ರಿಂದ ವೀಸಾ ಅರ್ಜಿಯಲ್ಲೇ ಐದು ವರ್ಷದ ಸೋಷಿಯಲ್ ಮೀಡಿಯಾ ವಿವರ ಕೇಳುತ್ತಾರೆ.

ನನ್ನ ಕೆಲಸ ಉಳಿಯಿತು. ಮರುದಿನ ಮಧ್ಯಾಹ್ನ ಡಬ್ಬಿ ಹಿಡಿದು ಆ ಹಿರಿಯರ ಟೇಬಲ್ ಹತ್ತಿರ ಹೋದೆ. ಅವರ ಮನೆಯದ್ದೂ ಭತ್ತದ ಗದ್ದೆ, ಅದೇ ಕಾವೇರಿ ನೀರು. ತಪ್ಪಾಯಿತು ಅಂದೆ.

'ಪರವಾಗಿಲ್ಲ ಸಾರ್, ಮೀಟಿಂಗ್ ಇದೆ' ಅಂದರು.