ಬಯೋನಿಕಲ್ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಲೆಗೋ ಅದನ್ನು ಯಾಕೆ ನಿಲ್ಲಿಸಿತು?

ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ಅಮೆರಿಕದಲ್ಲಿರುವ ನಿಮ್ಮ ಅಕ್ಕ, ಅವರ ಮಗ ಆಡಿ ಬಿಟ್ಟ ಒಂದು ಡಬ್ಬ ಬಯೋನಿಕಲ್ ಗೊಂಬೆಗಳನ್ನು, ಅಂದರೆ ಆಟಿಕೆ ಕಂಪನಿ ಲೆಗೋದ ಬಿಡಿಭಾಗ ಜೋಡಿಸಿ ಮಾಡುವ ವೀರರ ಗೊಂಬೆಗಳನ್ನು, ನಿಮ್ಮ ಮಗನಿಗೆ ಕೊಟ್ಟಿದ್ದಾರೆ. ಇಬ್ಬರೂ ಕೂತು 2003ರ ಸಿನಿಮಾ ನೋಡಿದಿರಿ, ತಲೆಬುಡ ತಿಳಿಯಲಿಲ್ಲ. ಇದರ ಕಥೆ ಎಲ್ಲಿಂದ ಶುರು ಮಾಡಬೇಕು, ಇಷ್ಟು ಚೆನ್ನಾಗಿರುವುದನ್ನು ಲೆಗೋ ಯಾಕೆ ನಿಲ್ಲಿಸಿತು ಅಂತ ಕೇಳಿದ್ದೀರಿ.

ಸಿನಿಮಾದಿಂದ ಶುರು ಮಾಡಬೇಡಿ. 2001ರ ಆನ್‌ಲೈನ್ ಆಟದಿಂದ ಶುರು ಮಾಡಿ. ಅದರ ಹೆಸರು ಮಾಟಾ ನುಯಿ ಆನ್‌ಲೈನ್ ಗೇಮ್. ಯಾಕೆ ಅಂತ ಹೇಳುತ್ತೇನೆ. ಅದನ್ನು ಹೇಳಿದರೆ ನಿಮ್ಮ ಎರಡನೇ ಪ್ರಶ್ನೆಗೂ ಅರ್ಧ ಉತ್ತರ ಕೊಟ್ಟ ಹಾಗೆ.

ಬಯೋನಿಕಲ್‌ನಲ್ಲಿ ಗೊಂಬೆ ಬೇರೆ, ಕಥೆ ಬೇರೆ ಅಂತ ಇರಲಿಲ್ಲ. ಡೆನ್ಮಾರ್ಕಿನ ಕ್ರಿಶ್ಚಿಯನ್ ಫೇಬರ್ ಎಂಬ ಕಲಾವಿದ ಲೆಗೋಗೆ ಜಾಹೀರಾತು ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಅವರ ಮಿದುಳಿನ ಬುಡದಲ್ಲಿ ಒಂದು ಗೆಡ್ಡೆ ಬೆಳೆದಿತ್ತು. ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದಾಗ ಅವರಿಗೆ ಒಂದು ಯೋಚನೆ ಬಂತು. ಕಾಯಿಲೆ ಬಿದ್ದ ಒಂದು ದೊಡ್ಡ ಮೈ. ಅದನ್ನು ಒಳಗಿನಿಂದ ಸರಿ ಮಾಡಲು ಗುಳಿಗೆಯೊಳಗೆ ಕೂತು ಬರುವ ಪುಟ್ಟ ವೀರರು. ಇದನ್ನು ಫೇಬರ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆಲಸ್ಟೇರ್ ಸ್ವಿನ್ನರ್ಟನ್ ಎಂಬ ಬರಹಗಾರ, ಲೆಗೋದ ಬಾಬ್ ಥಾಂಪ್ಸನ್ ಮುಂತಾದವರು ಸೇರಿ ಇದನ್ನೊಂದು ಲೋಕವಾಗಿ ಬೆಳೆಸಿದರು.

ಈಗ ಆ ಗೊಂಬೆಗಳು ಅಂಗಡಿಗೆ ಬಂದ ಡಬ್ಬಿಯನ್ನು ನೆನಪಿಸಿಕೊಳ್ಳಿ. ಉದ್ದನೆಯ ಪ್ಲಾಸ್ಟಿಕ್ ಡಬ್ಬಿ, ಥೇಟ್ ಗುಳಿಗೆಯ ಹಾಗೆ. ಕಥೆಯಲ್ಲೂ ಆರು ಮಂದಿ ಟೋವಾಗಳು, ಅಂದರೆ ಕಥೆಯ ವೀರರು, ಅಂಥದ್ದೇ ಡಬ್ಬಿಗಳಲ್ಲಿ ತೇಲಿ ಬಂದು ಮಾಟಾ ನುಯಿ ದ್ವೀಪದ ದಂಡೆ ಸೇರುತ್ತಾರೆ. ಬಿಡಿಬಿಡಿಯಾಗಿದ್ದ ತಮ್ಮ ಕೈಕಾಲುಗಳನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಹುಡುಗ ಮನೆಯಲ್ಲಿ ಡಬ್ಬಿ ತೆರೆದು ಮಾಡುವುದೂ ಅದನ್ನೇ ಅಲ್ವಾ! ಬೆಂಕಿಯ ಟಾಹು, ನೀರಿನ ಗಾಲಿ, ಗಾಳಿಯ ಲೇವಾ, ಮಂಜಿನ ಕೊಪಾಕಾ, ಮಣ್ಣಿನ ಓನುವಾ, ಕಲ್ಲಿನ ಪೊಹಾಟು. ಇವರ ಶಕ್ತಿ ಇದ್ದದ್ದು ಮುಖವಾಡದಲ್ಲಿ. ಮುಖವಾಡ ಕಳಚಿ ಬಿದ್ದರೆ ವೀರ ಸೊರಗುತ್ತಾನೆ. ಗೊಂಬೆಯಲ್ಲೂ ಹಾಗೆಯೇ ಮಾಡಿದ್ದರು. ಹಿಂದಿನ ಚಕ್ರ ತಿರುಗಿಸಿದರೆ ಹಲ್ಲುಚಕ್ರಗಳು ಓಡಿ ಕೈ ಬೀಸುತ್ತದೆ, ಎದುರಿನವನ ಮುಖವಾಡಕ್ಕೆ ಸರಿಯಾಗಿ ತಗುಲಿದರೆ ಅದು ಹಾರಿಹೋಗುತ್ತದೆ. ಬೇರೆ ಮುಖವಾಡಗಳನ್ನು ಸಣ್ಣ ಪೊಟ್ಟಣಗಳಲ್ಲಿ ಮಾರುತ್ತಿದ್ದರು. ಒಳಗೆ ಯಾವುದಿದೆ ಅಂತ ಕೊಳ್ಳುವವರೆಗೆ ಗೊತ್ತಾಗುತ್ತಿರಲಿಲ್ಲ. ಕಥೆಯಲ್ಲಿ ಟೋವಾಗಳು ದ್ವೀಪವೆಲ್ಲ ಅಲೆದು ಮುಖವಾಡ ಹುಡುಕುತ್ತಿದ್ದರು, ಇತ್ತ ಮಕ್ಕಳು ಅಂಗಡಿಯಲ್ಲಿ ಹುಡುಕುತ್ತಿದ್ದರು.

ಮಾರುವ ಜಾಣತನ ಇದರಲ್ಲಿ ಇತ್ತು, ನಿಜ. ಆದರೆ ಇಷ್ಟು ಅಕ್ಕರೆಯಿಂದ ಒಂದಕ್ಕೊಂದು ಹೊಂದಿಸಿದ ಆಟಿಕೆಯನ್ನು ನಾನು ಆಮೇಲೆ ನೋಡಿಲ್ಲ.

ಇನ್ನು ಆ ಆಟ. ಅಮೆರಿಕದ ಟೆಂಪ್ಲರ್ ಸ್ಟುಡಿಯೋಸ್ ಅದನ್ನು ಫ್ಲ್ಯಾಶ್ ಎಂಬ, ಜಾಲತಾಣಗಳಲ್ಲಿ ಆಟ ಮತ್ತು ಚಲಿಸುವ ಚಿತ್ರ ತೋರಿಸುತ್ತಿದ್ದ ತಂತ್ರಾಂಶದಲ್ಲಿ ಮಾಡಿತ್ತು. 2001ರ ಉದ್ದಕ್ಕೂ ಬಯೋನಿಕಲ್ ಜಾಲತಾಣದಲ್ಲಿ ಕಂತು ಕಂತಾಗಿ ಬಂತು. ಅದರಲ್ಲಿ ನೀವು ಟೋವಾ ಅಲ್ಲ. ಟಕುವಾ ಎಂಬ ಸಾಮಾನ್ಯ ದ್ವೀಪವಾಸಿ. ಕೆಂಪು ಮೈ, ತಿಳಿ ನೀಲಿ ಮುಖವಾಡ. ಕೈಯಲ್ಲಿ ಆಯುಧ ಇಲ್ಲ. ಊರಿಂದೂರಿಗೆ ನಡೆಯುತ್ತೀರಿ, ಜನರನ್ನು ಮಾತಾಡಿಸುತ್ತೀರಿ, ಅವರ ಕಷ್ಟ ಕೇಳುತ್ತೀರಿ. ಗಾ-ಕೊರೋ ಎಂಬ ನೀರಿನ ಊರಿಗೆ ಹೋದರೆ ಅಲ್ಲಿಯ ಜನರೆಲ್ಲ ಮುಳುಗಿದ ಗುಡಿಸಲೊಂದರಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಪಂಪ್ ಸರಿ ಮಾಡಿ ಅವರನ್ನು ಮೇಲೆ ತರಬೇಕು. ಕಲ್ಲಿನ ಊರು ಪೊ-ಕೊರೋದಲ್ಲಿ ಜನರಿಗೆ ಕಾಯಿಲೆ ಬಂದಿದೆ. ಅದು ಅವರು ಆಡುವ ಚೆಂಡಿನಿಂದಲೇ ಬರುತ್ತಿದೆ ಅಂತ ನೀವೇ ಕಂಡುಹಿಡಿಯಬೇಕು. ಟೋವಾಗಳು ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಿಸುತ್ತಾರೆ, ಅಷ್ಟೇ. ಅದಕ್ಕೇ ಅವರು ಕಂಡಾಗ ಎದೆ ಝಲ್ಲೆನ್ನುತ್ತದೆ. ಕೊನೆಗೆ ಆರೂ ಊರಿನ ಸಾಮಾನ್ಯರು ಒಟ್ಟಾಗಿ ಕಿನಿ-ನುಯಿ ಎಂಬ ಗುಡಿಯನ್ನು ಕಾಯುತ್ತಾರೆ. ಟೋವಾಗಳು ಕೆಳಗೆ ನೆಲದೊಳಗೆ ಮಕುಟಾ ಎಂಬ ವೈರಿಯನ್ನು ಎದುರಿಸಲು ಇಳಿಯುತ್ತಾರೆ.

ನಾನು ಇದನ್ನು ಆಡಿದ್ದು ಮಂಗಳೂರಿನ ಒಂದು ಸೈಬರ್ ಕೆಫೆಯಲ್ಲಿ, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು. ದುಬೈಯಲ್ಲಿದ್ದ ನನ್ನ ಮಾವ ತಂದುಕೊಟ್ಟ ಕೊಪಾಕಾ ಒಂದೇ ನನ್ನ ಹತ್ತಿರ ಇದ್ದದ್ದು. ಉಳಿದ ಐದು ಮಂದಿಯನ್ನು ನಾನು ನೋಡಿದ್ದೇ ಆ ಆಟದಲ್ಲಿ. ಚಿತ್ರ ಲೋಡ್ ಆಗುವಷ್ಟರಲ್ಲಿ ಕಾಲು ಗಂಟೆ ಹೋಗುತ್ತಿತ್ತು. ಒಂದು ಗೊಂಬೆ ಇಟ್ಟುಕೊಂಡವನಿಗೂ ಇಡೀ ದ್ವೀಪ ಸಿಗುತ್ತಿತ್ತಲ್ಲ, ಅದು ದೊಡ್ಡ ವಿಷಯ.

ಈಗ ನೀವು ನೋಡಿದ ಸಿನಿಮಾಕ್ಕೆ ಬನ್ನಿ, ಮಾಸ್ಕ್ ಆಫ್ ಲೈಟ್. ಅದರಲ್ಲಿ ಎಲ್ಲಾದರೂ ಅಲೆದಾಡುತ್ತಾ ಇರುವ ಟಕುವಾ ಕೊನೆಗೆ ಬೆಳಕಿನ ಟೋವಾ ಆಗುತ್ತಾನೆ. ನಿಮಗೆ ಅವನು ಯಾರೋ ಒಬ್ಬ ಹುಡುಗ. ಆದರೆ ಎರಡು ವರ್ಷ ಮೊದಲು ಆಟ ಆಡಿದ ಮಕ್ಕಳಿಗೆ ಟಕುವಾ ಅಂದರೆ ತಾವೇ. ಪಂಪ್ ರಿಪೇರಿ ಮಾಡಿದ್ದು, ಗುಡಿ ಕಾದಿದ್ದು ತಾವೇ. ಆ ಸಿನಿಮಾದ ಜೀವ ಇರುವುದು ಅಲ್ಲಿ. ಅದು ಸಿನಿಮಾದ ಒಳಗೆ ಇಲ್ಲ, ಹೊರಗಿದೆ. ಹಾಗಾಗಿ ನಿಮಗೆ ಅರ್ಥವಾಗದೇ ಹೋದದ್ದು ಸಹಜ.

ಬಯೋನಿಕಲ್ ಪೂರ್ತಿ ಹೀಗೆಯೇ. ಒಂದು ತುಂಡು ಡಿಸಿ ಕಾಮಿಕ್ಸ್‌ನಲ್ಲಿ, ಇನ್ನೊಂದು ಸ್ಕೊಲಾಸ್ಟಿಕ್ ಪುಸ್ತಕಗಳಲ್ಲಿ, ಮತ್ತೊಂದು ಜಾಲತಾಣದಲ್ಲಿ. ಮೊದಲ ಕೆಲವು ಪುಸ್ತಕ ಕ್ಯಾಥಿ ಹಾಪ್ಕಾ ಬರೆದರು. ಆಮೇಲೆ ಕಾಮಿಕ್ಸ್, ಪುಸ್ತಕ ಎರಡನ್ನೂ ಹೊತ್ತವರು ಗ್ರೆಗ್ ಫಾರ್ಷ್ಟಿ. ಅಭಿಮಾನಿಗಳು ಕೇಳಿದ ಪ್ರಶ್ನೆಗಳಿಗೂ ಅವರು ವರ್ಷಗಟ್ಟಲೆ ಉತ್ತರ ಬರೆದರು, ಆ ಉತ್ತರಗಳೇ ಕಥೆಯ ಭಾಗವಾದವು. ಮಕ್ಕಳ ಪ್ರಶ್ನೆಯನ್ನು ಅಷ್ಟು ಗೌರವದಿಂದ ನೋಡಿದ್ದಕ್ಕೆ ನನಗೆ ಅವರ ಮೇಲೆ ತುಂಬಾ ಮರ್ಯಾದೆ ಇದೆ.

ಮೊದಲ ವರ್ಷವೇ ಒಂದು ಗಂಭೀರ ತಕರಾರು ಬಂತು. ಅದನ್ನು ಹೇಳದೆ ಬಿಟ್ಟರೆ ಸರಿಯಾಗುವುದಿಲ್ಲ. ಈ ಕಥೆಯ ಹೆಸರುಗಳಲ್ಲಿ ಬಹಳಷ್ಟನ್ನು ನ್ಯೂಜಿಲೆಂಡಿನ ಮಾವೊರಿ ಭಾಷೆಯಿಂದ ಮತ್ತು ಪೆಸಿಫಿಕ್ ದ್ವೀಪಗಳ ಬೇರೆ ಭಾಷೆಗಳಿಂದ ಎತ್ತಿಕೊಂಡಿದ್ದರು, ಯಾರನ್ನೂ ಕೇಳದೆ. ದ್ವೀಪವಾಸಿ ಗೊಂಬೆಗಳನ್ನು ಟೊಹುಂಗಾ ಅಂತ ಕರೆದಿದ್ದರು. ಮಾವೊರಿ ಜನಕ್ಕೆ ಟೊಹುಂಗಾ ಅಂದರೆ ಪೂಜ್ಯ ಸ್ಥಾನದಲ್ಲಿರುವ ಜ್ಞಾನಿ, ಪುರೋಹಿತ. ಅಂಥ ಹೆಸರನ್ನು ಪ್ಲಾಸ್ಟಿಕ್ ಗೊಂಬೆಗೆ ಇಟ್ಟರೆ ಯಾರಿಗೆ ನೋವಾಗುವುದಿಲ್ಲ? 2001ರಲ್ಲಿ ಅವರ ಪರವಾಗಿ ಮಾವುಯಿ ಸಾಲೊಮನ್ ಎಂಬ ವಕೀಲರು ಲೆಗೋಗೆ ಪತ್ರ ಬರೆದರು. ಲೆಗೋ ಮಾತುಕತೆಗೆ ಬಂತು, ಕೆಲವು ಹೆಸರು ಬದಲಾಯಿಸಿತು. ಟೊಹುಂಗಾ ಹೋಗಿ ಮಟೋರಾನ್ ಆಯಿತು. ಕಥೆಯಲ್ಲಿ ಅದನ್ನು ಒಂದು ನಾಮಕರಣದ ದಿನ ಅಂತ ತೋರಿಸಿದರು. ಟೋವಾ, ಕನೋಹಿ (ಕಥೆಯಲ್ಲಿ ಮುಖವಾಡಕ್ಕೆ ಇಟ್ಟ ಹೆಸರು) ಥರದ ಪದಗಳು ಹಾಗೇ ಉಳಿದವು. ನನಗೆ ಬಯೋನಿಕಲ್ ಎಷ್ಟೇ ಇಷ್ಟವಿದ್ದರೂ ಈ ವಿಷಯದಲ್ಲಿ ಮಾವೊರಿಗಳ ಮಾತೇ ಸರಿ. ಮಗನಿಗೆ ಕಥೆ ಹೇಳುವಾಗ ಇದನ್ನೂ ಹೇಳಿ.

ಇನ್ನು ಲೆಗೋಗೆ ಇದು ಎಷ್ಟು ಮುಖ್ಯವಾಗಿತ್ತು ಅನ್ನುವುದು. 1998ರಲ್ಲಿ ಲೆಗೋ ತನ್ನ ಇತಿಹಾಸದಲ್ಲೇ ಮೊದಲ ಬಾರಿ ನಷ್ಟ ತೋರಿಸಿತು. 2003, 2004ರಲ್ಲಿ ಕಂಪನಿ ಮುಳುಗುವ ಸ್ಥಿತಿಗೆ ಬಂತು. ಸ್ಟಾರ್ ವಾರ್ಸ್, ಹ್ಯಾರಿ ಪಾಟರ್ ಸೆಟ್‌ಗಳು ಸಿನಿಮಾ ಬಂದ ವರ್ಷ ಚೆನ್ನಾಗಿ ಹೋಗುತ್ತಿದ್ದವು, ಬಾರದ ವರ್ಷ ಬಿದ್ದುಬಿಡುತ್ತಿದ್ದವು. ಬಯೋನಿಕಲ್ ಹಾಗಲ್ಲ. ಅದು ಲೆಗೋದ ಸ್ವಂತ ಕಥೆ. ಬೇರೆಯವರಿಗೆ ಹಕ್ಕಿನ ಹಣ ಕೊಡಬೇಕಾಗಿರಲಿಲ್ಲ, ಸಿನಿಮಾ ಬರಲಿ ಅಂತ ಕಾಯಬೇಕಾಗಿರಲಿಲ್ಲ. ಕಷ್ಟದ ಆ ವರ್ಷಗಳಲ್ಲಿ ಕಂಪನಿಯನ್ನು ಎತ್ತಿ ಹಿಡಿದವುಗಳಲ್ಲಿ ಬಯೋನಿಕಲ್ ಮುಂಚೂಣಿಯಲ್ಲಿತ್ತು.

ಹಾಗಿದ್ದರೂ ಯಾಕೆ ನಿಂತಿತು? ನಾನು ಮೊದಲೇ ಹೇಳಿದ ಕಾರಣವೇ: ಮೊದಲಿನಿಂದ ಜೊತೆಗಿಲ್ಲದವರಿಗೆ ಕಥೆ ಅರ್ಥವಾಗುತ್ತಿರಲಿಲ್ಲ. ಕಥೆ ವರ್ಷ ವರ್ಷ ಬೆಳೆಯಿತು. 2004 ಮತ್ತು 2005ರ ಸಿನಿಮಾಗಳು ಹಿಂದಕ್ಕೆ ಹೋಗಿ, ದ್ವೀಪದ ಮುದುಕರೂ ಒಮ್ಮೆ ಟೋವಾಗಳಾಗಿದ್ದರು ಅಂತ ಹೇಳಿದವು. 2006ರಲ್ಲಿ ಬೇರೆ ದ್ವೀಪ, 2007ರಲ್ಲಿ ಸಮುದ್ರದ ತಳ. 2008ರಲ್ಲಿ ಏಳು ವರ್ಷ ಮುಚ್ಚಿಟ್ಟ ಗುಟ್ಟು ಹೊರಬಂತು: ಕಥೆಯ ಮೊದಲ ದ್ವೀಪ ಇದ್ದದ್ದು ಕುಂಭಕರ್ಣನಂತೆ ಮಲಗಿದ್ದ ಒಂದು ದೈತ್ಯ ರೋಬೋಟಿನ ಮುಖದ ಮೇಲೆ. ಎತ್ತರ 4 ಕೋಟಿ ಅಡಿ! ಫೇಬರ್ ಕಲ್ಪಿಸಿದ ಕಾಯಿಲೆಯ ಮೈ ಇದೇ. ಮೊದಲಿನಿಂದ ಜೊತೆಗಿದ್ದವರಿಗೆ ಮೈ ನವಿರೇಳಿತು. ಆದರೆ ಆ ವರ್ಷ ಮೊದಲ ಗೊಂಬೆ ಕೊಂಡ ಏಳೆಂಟು ವರ್ಷದ ಹುಡುಗನಿಗೆ ಏನು ಅರ್ಥವಾಗಬೇಕು? ಅವನು ಒಳಗೆ ಬರಲು ಬಾಗಿಲೇ ಇರಲಿಲ್ಲ. 2009ರಲ್ಲಿ ಹೊಸ ಗ್ರಹ, ಹೊಸ ಪಾತ್ರ, ಹೊಸ ಸಿನಿಮಾ ತಂದು ಬಾಗಿಲು ತೆರೆಯಲು ನೋಡಿದರು. ತಡವಾಗಿತ್ತು. ಅದೇ ವರ್ಷದ ಕೊನೆಗೆ ನಿಲ್ಲಿಸುವುದಾಗಿ ಹೇಳಿದರು, 2010ರಲ್ಲಿ ನಿಂತಿತು. ಸಿನಿಮಾದ ಮುಂದಿನ ಭಾಗ ಬರಲೇ ಇಲ್ಲ. ಅದರ ಜಾಗ ತುಂಬಿದ್ದು ಹೀರೋ ಫ್ಯಾಕ್ಟರಿ ಎಂಬ ಲೆಗೋದ ಇನ್ನೊಂದು ಗೊಂಬೆ ಸರಣಿ, ಯಾವ ಕಂತಿನಿಂದ ಬೇಕಾದರೂ ನೋಡಬಹುದಾದ ಸರಳ ಕಥೆ. ಮಾರುವವರ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ ಅಂತ ನಾನು ಒಪ್ಪುತ್ತೇನೆ. ಬೇಜಾರು ಮಾತ್ರ ಇವತ್ತಿಗೂ ಹೋಗಿಲ್ಲ.

2015ರಲ್ಲಿ ಟಾಹು ಮತ್ತು ಜೊತೆಯವರನ್ನು ಇಟ್ಟುಕೊಂಡು ಹೊಸದಾಗಿ ಶುರು ಮಾಡಿದರು. ಗೊಂಬೆಗಳು ಚೆನ್ನಾಗಿದ್ದವು, ಕಥೆ ತೆಳುವಾಗಿತ್ತು. ನೆಟ್‌ಫ್ಲಿಕ್ಸ್‌ನಲ್ಲಿ ನಾಲ್ಕು ಕಂತು ಬಂದವು. 2016ಕ್ಕೆ ಅದೂ ಮುಗಿಯಿತು. 2023ರಲ್ಲಿ ಲೆಗೋ ಮಾಮೂಲಿ ಇಟ್ಟಿಗೆಗಳಲ್ಲೇ ಮಾಡಿದ ಟಾಹು ಮತ್ತು ಟಕುವಾರ ಪುಟ್ಟ ಸೆಟ್ಟೊಂದನ್ನು ಖರೀದಿಯ ಜೊತೆ ಉಡುಗೊರೆಯಾಗಿ ಕೊಟ್ಟಿತು. ಆ ಎರಡು ಪಾತ್ರಗಳನ್ನೇ ಆರಿಸಿದ್ದು ನನಗೆ ಬಹಳ ಹಿಡಿಸಿತು.

ಈಗ ನೀವು ಮಾಡಬೇಕಾದ್ದು. ಫ್ಲ್ಯಾಶ್ 2020ರ ಕೊನೆಗೆ ನಿಂತುಹೋದರೂ ಅಭಿಮಾನಿಗಳು ಆ ಆಟವನ್ನು ಕಾಪಾಡಿ ಇಟ್ಟಿದ್ದಾರೆ. ಬಯೋಮೀಡಿಯಾ ಪ್ರಾಜೆಕ್ಟ್ ಅಂತ ಹುಡುಕಿ, ಹಳೆಯ ಸಾಮಗ್ರಿಯ ಭಂಡಾರವೇ ಸಿಗುತ್ತದೆ. ಮಗನ ಪಕ್ಕದಲ್ಲಿ ಕೂತು ಆಡಿ, ಅದರಲ್ಲಿ ಓದುವುದು ಜಾಸ್ತಿ ಇದೆ, ನೀವು ಕನ್ನಡದಲ್ಲಿ ಹೇಳುತ್ತಾ ಹೋಗಬಹುದು. ಆಮೇಲೆ 2001ರಿಂದ 2003ರವರೆಗಿನ ಕಾಮಿಕ್ಸ್. ಆಮೇಲೆ ಮಾಸ್ಕ್ ಆಫ್ ಲೈಟ್ ಮತ್ತೆ ಹಾಕಿ. ನೇಥನ್ ಫರ್ಸ್ಟ್ ಮಾಡಿದ ಸಂಗೀತ ಬಹಳ ಚೆನ್ನಾಗಿದೆ, ಸ್ವಲ್ಪ ಜೋರಾಗಿ ಇಟ್ಟು ಕೇಳಿ. ಅಲ್ಲಿಗೇ ನಿಲ್ಲಿಸಿದರೂ ಒಂದು ಪೂರ್ತಿ ಕಥೆ ಸಿಕ್ಕಿರುತ್ತದೆ. ವಿಡಿಯೋ ಗೇಮ್‌ಗಳ ಸಿಡಿ ಯಾರಾದರೂ ಮಾರಿದರೆ ಈಗಲೇ ಕೊಳ್ಳಬೇಡಿ, ಅವಿಲ್ಲದೆಯೂ ಕಥೆ ನಡೆಯುತ್ತದೆ.

ಡಬ್ಬದಲ್ಲಿರುವ ಗೊಂಬೆಗಳ ಬಗ್ಗೆ ಒಂದು ಮಾತು. ಹಳೆಯವು, ಅಂದರೆ 2001ರಿಂದ 2003ರವರೆಗಿನವು ಗಟ್ಟಿ. ಮಗ ಧಾರಾಳವಾಗಿ ಆಡಲಿ. 2007, 2008ರ ಸುಮಾರಿನವುಗಳಲ್ಲಿ ಗುಂಡು ಕೂರುವ ಬಟ್ಟಲಿನಂಥ ಕೀಲು ಬೇಗ ಸೀಳುತ್ತದೆ, ಅದರಲ್ಲೂ ಎಳೆ ನಿಂಬೆ ಹಸಿರು ಬಣ್ಣದವು. ಅವುಗಳನ್ನು ಜೋಡಿಸಿದ್ದರೆ ಬಿಚ್ಚಲು ಹೋಗಬೇಡಿ. ಬಿಡಿಯಾಗಿದ್ದರೆ ಜೋರು ಮಾಡಿ ಒತ್ತಬೇಡಿ, ನಿಧಾನಕ್ಕೆ ಓರೆಯಾಗಿ ಕೂರಿಸಿ. ಗೊಂಬೆಗಳ ಒಂದು ಫೋಟೋ ಹಾಕಿದರೆ ಯಾವುದು ಯಾರು, ಯಾವ ಮುಖವಾಡ ಯಾರದ್ದು ಅಂತ ಗುರುತಿಸಿ ಹೇಳುತ್ತೇನೆ.