ನನ್ನಲ್ಲಿರುವ ಎರಡು ಎನ್‌ಲಾರ್ಜರ್ (ಡಾರ್ಕ್‌ರೂಮಿನಲ್ಲಿ ನೆಗೆಟಿವ್ ಅನ್ನು ದೊಡ್ಡದಾಗಿ ಮುದ್ರಿಸುವ ಯಂತ್ರ) ಲೆನ್ಸ್‌ಗಳನ್ನು 4×5 ಇಂಚು ಫಿಲ್ಮಿನ ಬೆಲ್ಲೋಸ್ ಕ್ಯಾಮೆರಾದಲ್ಲಿ ಕೂರಿಸಿ, ಹಿಂದೆ ಮೀಡಿಯಂ ಫಾರ್ಮ್ಯಾಟ್ ಮಿರರ್‌ಲೆಸ್ ಬಾಡಿ ಹಾಕಬಹುದೇ?

ಹಾಕಬಹುದು. ನಿಮ್ಮಲ್ಲಿರುವ ಎಲ್-ನಿಕ್ಕೋರ್ 80 ಎಫ್/5.6 ಮತ್ತು ರೋಡಗಾನ್ 150 ಎಫ್/5.6 ಎರಡೂ 44×33 ಮಿ.ಮೀ. ಸೆನ್ಸರ್‌ಗೆ ಧಾರಾಳವಾಗಿ ಸಾಕು. ತೊಂದರೆ ಶುರುವಾಗುವುದು ಬಹುತೇಕ ಲೆನ್ಸಿನ ಹಿಂದೆ ಸೇರಿಸುವ ಬೋರ್ಡು, ಉಂಗುರ, ಕೊಳವೆಗಳಲ್ಲಿ.

ಮೊದಲು ಶಿಫ್ಟ್ (ಲೆನ್ಸನ್ನೋ ಸೆನ್ಸರನ್ನೋ ಪಕ್ಕಕ್ಕೆ ಸರಿಸುವುದು) ಎಷ್ಟು ಸಿಗುತ್ತದೆ ನೋಡಿ. 80ರ ಲೆನ್ಸ್ 6×7 ನೆಗೆಟಿವ್‌ಗೆ ಮಾಡಿದ್ದು, ಆ ನೆಗೆಟಿವ್‌ನ ಕರ್ಣ, ಅಂದರೆ ಲೆನ್ಸ್ ಬೀಳಿಸಬೇಕಾದ ಚಿತ್ರವೃತ್ತದ ವ್ಯಾಸ, ಸುಮಾರು 89 ಮಿ.ಮೀ. ಆದರೆ ಆ ಲೆಕ್ಕ ಎನ್‌ಲಾರ್ಜರ್‌ನಲ್ಲಿ, ಅಂದರೆ ನೆಗೆಟಿವ್ ಲೆನ್ಸಿನಿಂದ ಫೋಕಲ್ ಲೆಂತ್‌ಗಿಂತ ಸ್ವಲ್ಪ ದೂರ ಇರುವಾಗ. ಇನ್ಫಿನಿಟಿಗೆ ಫೋಕಸ್ ಮಾಡಿದಾಗ ಲೆನ್ಸ್ ಹತ್ತಿರ ಬರುತ್ತದೆ, ವೃತ್ತವೂ ಶೇ. 10ರಷ್ಟು ಕುಗ್ಗುತ್ತದೆ. 80 ಮಿ.ಮೀ. ವೃತ್ತ ಎಂದುಕೊಂಡರೆ ಸೆನ್ಸರ್‌ನ ಉದ್ದದ ದಿಕ್ಕಿಗೆ ಎರಡೂ ಕಡೆ ಸುಮಾರು 15 ಮಿ.ಮೀ. ಶಿಫ್ಟ್ ನಂಬಬಹುದು. 4×5ಕ್ಕೆ ಮಾಡಿದ 150ರಲ್ಲಿ ಅದೇ ಲೆಕ್ಕ 45 ಮಿ.ಮೀ. ದಾಟುತ್ತದೆ, ಅಷ್ಟು ದೂರ ಹೋದರೆ ಮೌಂಟ್‌ನ ಗಂಟಲೋ ಬೆಲ್ಲೋಸ್ ಮಡಿಕೆಯೋ ಮೊದಲು ಅಡ್ಡ ಬರುತ್ತದೆ. ಸ್ಟಿಚ್ ಮಾಡುವ (ಹಲವು ಫ್ರೇಮ್ ಜೋಡಿಸಿ ಒಂದೇ ಚಿತ್ರ ಮಾಡುವ) ಉದ್ದೇಶವಿದ್ದರೆ ಲೆನ್ಸ್ ಅಲುಗಿಸಬೇಡಿ, ಹಿಂದಿನ ಸ್ಟ್ಯಾಂಡರ್ಡ್ (ಬಾಡಿಯನ್ನು ಹಿಡಿದ ಚೌಕಟ್ಟು) ಮಾತ್ರ ಸರಿಸಿ. ಇಲ್ಲದಿದ್ದರೆ ಹತ್ತಿರದ ವಸ್ತುಗಳು ಒಂದು ಫ್ರೇಮಿಗೂ ಇನ್ನೊಂದಕ್ಕೂ ಹೊಂದುವುದಿಲ್ಲ.

ಥ್ರೆಡ್ ಇರುವ ಬದಿ ಸೆನ್ಸರ್ ಕಡೆಗೇ ಇರಲಿ. ವಸ್ತುವನ್ನು ನಿಜ ಗಾತ್ರಕ್ಕಿಂತ ದೊಡ್ಡದಾಗಿ ಹಿಡಿಯುವಾಗ ಮಾತ್ರ ಲೆನ್ಸನ್ನು ತಿರುಗಿಸಿ ಹಾಕಬೇಕು.

80ರ ಥ್ರೆಡ್ ಎಂ39 (39 ಮಿ.ಮೀ. ವ್ಯಾಸ), ಇಂಚಿಗೆ 26 ಸುತ್ತು. 1 ಮಿ.ಮೀ. ಪಿಚ್‌ನ (ಸುತ್ತುಗಳ ನಡುವಿನ ಅಂತರ) ಎಂ39 ಉಂಗುರಗಳೂ ಮಾರಾಟಕ್ಕಿವೆ. ಒಂದೆರಡು ಸುತ್ತು ಸರಾಗವಾಗಿ ಹೋಗಿ ಬಿಗಿಯುತ್ತವೆ, ಬಲ ಹಾಕಿದರೆ ಹಿತ್ತಾಳೆಯ ಥ್ರೆಡ್ ಹಾಳು. ಎಂ42ರಲ್ಲೂ ಹೀಗೇ: ಕ್ಯಾಮೆರಾದ್ದು 1 ಮಿ.ಮೀ. ಪಿಚ್, ಟೆಲಿಸ್ಕೋಪಿನವರು ಬಳಸುವುದು 0.75. ರೋಡಗಾನ್ 150 ಸಾಮಾನ್ಯವಾಗಿ ಎಂ50×0.75, ಆದರೂ ಕ್ಯಾಲಿಪರ್ ಹಿಡಿದು ಅಳೆದೇ ಆರ್ಡರ್ ಮಾಡಿ. ಎಂ39ಕ್ಕೆ ಬೋರ್ಡಿನಲ್ಲಿ 39.5 ಮಿ.ಮೀ. ತೂತು ಕೊರೆದು ಹಿಂದಿನಿಂದ ಜ್ಯಾಮ್ ರಿಂಗ್ (ಲೆನ್ಸನ್ನು ಬಿಗಿಹಿಡಿಯುವ ಉಂಗುರ) ಬಿಗಿದರೆ ಸಾಕು.

ಕೊಳವೆಗಳ ಉದ್ದವನ್ನು ಊಹಿಸಬೇಡಿ. ಕತ್ತಲೆ ಕೋಣೆಯಲ್ಲಿ ಕಿಟಕಿಯಾಚೆಯ ದೂರದ ದೃಶ್ಯವನ್ನು ಲೆನ್ಸ್ ಮೂಲಕ ಬಿಳಿ ಹಾಳೆಯ ಮೇಲೆ ಬೀಳಿಸಿ, ಥ್ರೆಡ್ಡಿನ ಭುಜದಿಂದ ಹಾಳೆಯವರೆಗೆ ಅಳೆಯಿರಿ. 75 ಮಿ.ಮೀ. ಬಂತೆನ್ನಿ. ಫ್ಯೂಜಿ ಜಿಎಫ್ಎಕ್ಸ್ ಆದರೆ ಅದರ ಫ್ಲ್ಯಾಂಜ್ ದೂರ (ಮೌಂಟ್‌ನಿಂದ ಸೆನ್ಸರ್‌ವರೆಗೆ) 26.7 ಕಳೆಯಿರಿ, ಉಳಿದದ್ದು 48.3. ಬೋರ್ಡು, ಎರಡು ಸ್ಟ್ಯಾಂಡರ್ಡ್, ಬೆಲ್ಲೋಸ್, ಹಿಂದಿನ ಅಡಾಪ್ಟರ್ ಪ್ಲೇಟ್ ಎಲ್ಲವೂ ಅಷ್ಟರಲ್ಲಿ ಅಡಗಬೇಕು. ಮಾಮೂಲಿ ಮಡಿಕೆ ಬೆಲ್ಲೋಸ್‌ನಲ್ಲಿ ಇದು ಆಗದು. ಬ್ಯಾಗ್ ಬೆಲ್ಲೋಸ್ (ಮೆತ್ತನೆ ಚೀಲದಂಥದ್ದು) ಇಲ್ಲವೇ ಒಳಸರಿದ ಬೋರ್ಡ್ ಬೇಕು. 150ಕ್ಕೆ ಈ ತಲೆನೋವಿಲ್ಲ.

ಶಿಫ್ಟ್ ಬೇಡ, ಬರೀ ಹೆಲಿಕಾಯ್ಡ್ (ತಿರುಗಿಸಿದರೆ ಉದ್ದ ಬದಲಾಗುವ ಫೋಕಸ್ ಕೊಳವೆ) ಸಾಕು ಎನ್ನುವವರು 25–55 ಮಿ.ಮೀ.ನ ಎಂ42 ಹೆಲಿಕಾಯ್ಡ್ ತರುತ್ತಾರೆ. ಮೇಲಿನ ಲೆಕ್ಕದಲ್ಲಿ ಉಂಗುರಕ್ಕೂ ಪ್ಲೇಟಿಗೂ 3 ಮಿ.ಮೀ. ಬಿಟ್ಟರೆ ಇನ್ಫಿನಿಟಿ 45.3ರಲ್ಲಿ ಸಿಗುತ್ತದೆ. ಪೂರ್ತಿ ಹೊರಗೆಳೆದರೆ ಸುಮಾರು 80 ಸೆಂ.ಮೀ.ವರೆಗೂ ಫೋಕಸ್ ಆಗುತ್ತದೆ. ಉದ್ದ ಸರಿಹೋಯಿತು, ಅಗಲದಲ್ಲಿ ಸಿಕ್ಕಿಬೀಳುತ್ತಾರೆ. ಎಂ42 ಕೊಳವೆಯ ಒಳವ್ಯಾಸ 40 ಮಿ.ಮೀ. ಆಸುಪಾಸು. 80 ಲೆನ್ಸಿನಿಂದ 44×33 ಸೆನ್ಸರ್‌ನ ಮೂಲೆಗೆ ಹೋಗುವ ಬೆಳಕು, ಸೆನ್ಸರ್‌ನಿಂದ 28 ಮಿ.ಮೀ. ಮುಂದೆ (ಕೊಳವೆಯ ಹಿಂದಿನ ತುದಿಯ ಹತ್ತಿರ), ಮಧ್ಯದಿಂದ ಸುಮಾರು 18 ಮಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಎಫ್/8ರಲ್ಲಿ ಬೆಳಕಿನ ಶಂಕುವಿನ ದಪ್ಪ ಸೇರಿಸಿದರೆ 19.6. ಅಂಚಿಗೆ ಉಜ್ಜಿಕೊಂಡೇ ಹೋದಂತೆ. ಫೋಕಲ್ ಲೆಂತ್ ಹೆಚ್ಚಾದರೆ ಸರಿಹೋಗುತ್ತದೆ ಅನ್ನಿಸಬಹುದು, ಆಗುವುದು ಉಲ್ಟಾ. 105 ಹಾಕಿದರೆ ಅದೇ ಜಾಗದಲ್ಲಿ 22ರ ಹತ್ತಿರ ಬರುತ್ತದೆ, ಮೂಲೆಗಳು ಕಪ್ಪಾಗುತ್ತವೆ. ಜನ ಅದನ್ನು ಲೆನ್ಸಿನ ತಪ್ಪೆಂದು ಬೈದು ಮಾರಿಬಿಡುತ್ತಾರೆ. 44×33ಕ್ಕೆ ಎಂ65 ಹೆಲಿಕಾಯ್ಡನ್ನೇ ತೆಗೆದುಕೊಳ್ಳಿ. ಫುಲ್ ಫ್ರೇಮಿಗೆ, ಶಿಫ್ಟ್ ಇಲ್ಲದಿದ್ದರೆ, ಎಂ42 ಸಾಕು.

ಲೆನ್ಸ್ ಬೋರ್ಡಿಗೂ ಸೆನ್ಸರ್‌ಗೂ ನಡುವಿನ ಸಮಾನಾಂತರತೆಯಲ್ಲಿ ರಾಜಿ ಬೇಡ. 3.76 ಮೈಕ್ರಾನ್ ಪಿಕ್ಸೆಲ್‌ಗೆ ಎರಡು ಪಿಕ್ಸೆಲ್ ಮಸುಕು ಒಪ್ಪಿಕೊಂಡರೂ, ಎಫ್/8ರಲ್ಲಿ ಸೆನ್ಸರ್ ಬದಿಯ ಸಹನೆ ಹಿಂದಕ್ಕೆ ಮುಂದಕ್ಕೆ ತಲಾ 0.06 ಮಿ.ಮೀ. ಮಾತ್ರ. ಫಿಲ್ಮ್ ಕಾಲದ ಮಾನೋರೈಲಿನ (ಒಂದೇ ಕಂಬಿಯ ಮೇಲೆ ಸರಿಯುವ ಬೆಲ್ಲೋಸ್ ಕ್ಯಾಮೆರಾ) ಶೂನ್ಯ ಗುರುತು ಅಷ್ಟು ಕರಾರುವಾಕ್ಕಾಗಿರುವುದು ಅಪರೂಪ. ಚಪ್ಪಟೆ ಇಟ್ಟಿಗೆ ಗೋಡೆಯ ಎದುರು ಕ್ಯಾಮೆರಾ ನೇರ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, ನಾಲ್ಕೂ ಮೂಲೆಗಳನ್ನು 100% ಜೂಮ್‌ನಲ್ಲಿ ಹೋಲಿಸಿ. ಒಂದು ಬದಿ ಮಾತ್ರ ಮಸುಕಾದರೆ ಬೋರ್ಡಿನ ಅಡಿ ಆ ಬದಿಗೆ ಇಲ್ಲವೇ ಎದುರು ಬದಿಗೆ ತೆಳು ಟೇಪ್ ಇಟ್ಟು ಮತ್ತೆ ನೋಡಿ. ನಾಲ್ಕೂ ಮೂಲೆ ಸಮವಾಗಿ ಮಸುಕಾಗಿದ್ದರೆ ಅದು ಲೆನ್ಸಿನದ್ದು, ಎಫ್/8ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ. ಈ ಲೆನ್ಸ್‌ಗಳ ಲೆಕ್ಕಾಚಾರ ಇನ್ಫಿನಿಟಿಗಲ್ಲದ ಕಾರಣ ದೂರದ ದೃಶ್ಯಕ್ಕೆ ಎಫ್/8ರಿಂದ 11 ನನ್ನ ಆಯ್ಕೆ. ಎಫ್/16ರಲ್ಲಿ ಡಿಫ್ರಾಕ್ಷನ್ ಚುಕ್ಕೆಯೇ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿ ಆಗುವ ಮಸುಕು) 21 ಮೈಕ್ರಾನ್ ಆಗುತ್ತದೆ. ಫೋಕಸ್ ಮಾಡುವುದೂ ತೆಗೆಯುವ ಅಪರ್ಚರ್‌ನಲ್ಲೇ, ಯಾಕೆಂದರೆ ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಇಳಿಸಿದಾಗ ಫೋಕಸ್ ಕೊಂಚ ಜರುಗುತ್ತದೆ.

ಚಿತ್ರದ ಮಧ್ಯೆ ಕಾರಣವಿಲ್ಲದೆ ಮಂಜು ಕವಿದರೆ ಅಪರ್ಚರ್ ಅಂಕಿಗಳ ಕಿಟಕಿ ನೋಡಿ. ಡಾರ್ಕ್‌ರೂಮಿನಲ್ಲಿ ಅಂಕಿ ಓದಲೆಂದು ಹೊಸ ಮಾದರಿಗಳಲ್ಲಿ ಎನ್‌ಲಾರ್ಜರ್ ಬೆಳಕನ್ನು ಅಲ್ಲಿಗೆ ಹರಿಸುವ ಪಾರದರ್ಶಕ ತುಂಡು ಇರುತ್ತದೆ. ಹಗಲಲ್ಲಿ ಅದೇ ದಾರಿಯಿಂದ ಹೊರಗಿನ ಬೆಳಕು ಸೆನ್ಸರ್‌ಗೆ ನುಗ್ಗುತ್ತದೆ. ಕಪ್ಪು ಟೇಪ್ ಸುತ್ತಿದರೆ ಮುಗಿಯಿತು. ಕೊಳವೆಯ ಒಳಮೈ ಹೊಳೆಯುತ್ತಿದ್ದರೆ ಕಪ್ಪು ಫ್ಲಾಕ್ ಹಾಳೆ ಅಂಟಿಸಿ.

ಲೆನ್ಸಿನಲ್ಲಿ ಶಟರ್ ಇಲ್ಲ, ಬಾಡಿಯದ್ದನ್ನೇ ಬಳಸಬೇಕು. ಮೆನುವಿನಲ್ಲಿ 'ಲೆನ್ಸ್ ಇಲ್ಲದೆ ಶೂಟ್' ಆನ್ ಮಾಡದಿದ್ದರೆ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಎಲ್ಇಡಿ ದೀಪದಡಿ ಪಟ್ಟೆ ಬರಬಹುದು, ಅಲ್ಲಿ ಮೆಕ್ಯಾನಿಕಲ್‌ಗೆ ಬದಲಿಸಿ.